ಭಾನುವಾರದ ಸ್ಟಾಲ್-ಸ್ಪಿನ್ ಕ್ಲಾಸ್, ಟ್ವಿನ್ ರೇಟಿಂಗ್ ಮಾಡೋರು ಓದ್ಲೇಬೇಕು

ಎಲ್ರಿಗೂ ನಮಸ್ಕಾರ. ಟ್ವಿನ್ ಇಂಜಿನ್ ರೇಟಿಂಗ್ (ಎರಡು ಇಂಜಿನ್ ವಿಮಾನ ಹಾರಿಸೋ ಅರ್ಹತೆ) ಶುರು ಮಾಡೋರಿಗೆ ಭಾನುವಾರ ಸಂಜೆ 7ಕ್ಕೆ ಆನ್‌ಲೈನ್ ಕ್ಲಾಸ್ ಇದೆ, ದಯವಿಟ್ಟು ತಪ್ಪಿಸ್ಬೇಡಿ.

ಒಂದೇ ಇಂಜಿನ್‌ನ ಸೆಸ್ನಾದಲ್ಲಿ ಸ್ಟಾಲ್ (ರೆಕ್ಕೆ ಎತ್ತೋ ಬಲ ಕಳ್ಕೊಳ್ಳೋದು) ಮಾಡಿ ರೂಢಿ ಇದೆ ಅಂತ ಧೈರ್ಯ ತಗೋಬೇಡಿ, ಯಾಕಂದ್ರೆ ಟ್ವಿನ್‌ನಲ್ಲಿ ಒಂದು ಇಂಜಿನ್ ನಿಂತು ಇನ್ನೊಂದು ಫುಲ್ ಪವರಲ್ಲಿ ಎಳೀತಿರುವಾಗ ಸ್ಪೀಡ್ ಮೀಟರ್‌ನ ಕೆಂಪು ಗೆರೆಗಿಂತ (ವಿಎಂಸಿ, ಅಂದ್ರೆ ಒಂದೇ ಇಂಜಿನ್‌ನಲ್ಲಿ ವಿಮಾನ ಹಿಡಿತದಲ್ಲಿರೋ ಕನಿಷ್ಠ ಸ್ಪೀಡ್) ಕೆಳಗಿಳಿದ್ರೆ ರಡ್ಡರ್ ಪೂರ್ತಿ ತುಳಿದ್ರೂ ಮೂಗು ನಿಂತ ಇಂಜಿನ್ ಕಡೆಗೇ ತಿರುಗ್ತಾ ಹೋಗುತ್ತೆ, ಅದೇ ಹೊತ್ತಿಗೆ ಸ್ಟಾಲ್ ಆದ್ರೆ ಸ್ಪಿನ್‌ಗೆ, ಅಂದ್ರೆ ಗಿರಗಿರ ಸುತ್ತುತ್ತಾ ಕೆಳಗೆ, ಬಿದ್ದಂಗೇ. ಟ್ರೈನಿಂಗ್ ಟ್ವಿನ್‌ಗಳಲ್ಲಿ ಸ್ಪಿನ್ ಮಾಡೋ ಹಾಗೇ ಇಲ್ಲ.

ಇನ್ನೊಂದು ಮಾತು, ಎತ್ತರಕ್ಕೆ ಹೋದಷ್ಟೂ ಟರ್ಬೊ ಇಲ್ಲದ ಇಂಜಿನ್ ಪವರ್ ಕಮ್ಮಿಯಾಗಿ ವಿಎಂಸಿ ಇಳಿಯುತ್ತೆ, ಆದ್ರೆ ಮೀಟರ್‌ನಲ್ಲಿ ಕಾಣೋ ಸ್ಟಾಲ್ ಸ್ಪೀಡ್ ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಈ ಎರಡೂ ಸ್ಪೀಡ್ ಹತ್ರ ಬರೋ ಎತ್ತರ ತುಂಬಾ ಅಪಾಯ. ಬೆಂಗಳೂರಿನ ಜಕ್ಕೂರು ಏರೋಡ್ರೋಮೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಮರೀಬೇಡಿ.

ಸ್ಟಾಲ್ ಎಚ್ಚರಿಕೆ ಹಾರ್ನ್ ಕೂಗಿದ್ರೆ ಅಥವಾ ಮೂಗು ಪಕ್ಕಕ್ಕೆ ಜಾರಿದ್ರೆ ತಕ್ಷಣ ಓಡ್ತಿರೋ ಇಂಜಿನ್ ಥ್ರಾಟಲ್ ಹಿಂದಕ್ಕೆ, ಮೂಗು ಕೆಳಗೆ. ಆಮೇಲೆ ನೀಲಿ ಗೆರೆ ಸ್ಪೀಡ್ (ಒಂದೇ ಇಂಜಿನ್‌ನಲ್ಲಿ ಚೆನ್ನಾಗಿ ಮೇಲೇರೋ ಸ್ಪೀಡ್) ಹಿಡೀರಿ.

ನಿಮ್ಮ ವಿಮಾನದ ಹ್ಯಾಂಡ್‌ಬುಕ್ ಜೊತೆಗಿಟ್ಕೊಳ್ಳಿ, ಕೆಂಪು ನೀಲಿ ಎರಡೂ ಸ್ಪೀಡ್ ಬರ್ಕೊಂಡು ಬನ್ನಿ. ಬರೋರು ಶನಿವಾರ ರಾತ್ರಿ ಒಳಗೆ ಇಲ್ಲೇ ರಿಪ್ಲೈ ಮಾಡಿ, ಲಿಂಕ್ ಕಳಿಸ್ತೀನಿ.