ಹಿರಿಯ ಲಾರಿ ಚಾಲಕರ ನಿವೃತ್ತಿಯ ಕುರಿತು ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ನಮ್ಮ ಗುಂಪಿನ ಹಿರಿಯ ಲಾರಿ ಚಾಲಕರೊಬ್ಬರು ಹೃದಯಾಘಾತದಿಂದ ಚೇತರಿಸಿಕೊಂಡಿದ್ದು, ವೈದ್ಯರ ಸಲಹೆಯಂತೆ ಚಾಲನಾ ವೃತ್ತಿಯಿಂದ ನಿವೃತ್ತರಾಗುತ್ತಿದ್ದಾರೆ ಎಂಬುದನ್ನು ಅವರ ಒಪ್ಪಿಗೆ ಪಡೆದೇ ತಿಳಿಸುತ್ತಿದ್ದೇವೆ. ಲೋಡು ಹೊತ್ತು ಸಾಗುತ್ತಿದ್ದಾಗ ಎದೆಯಲ್ಲಿ ಕಾಣಿಸಿಕೊಂಡ ಬಿಗಿತವನ್ನು ಅವರು ಮೊದಲು ಗ್ಯಾಸ್ಟ್ರಿಕ್ ಎಂದೇ ಭಾವಿಸಿದ್ದರು. ನೋವು ಎಡದೋಳಿಗೆ ಇಳಿದು, ಅಂಗಿ ತೊಯ್ಯುವಷ್ಟು ತಣ್ಣನೆಯ ಬೆವರು ಬಂದಾಗ ಗಾಡಿಯನ್ನು ಬದಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಜೊತೆಗಿದ್ದವರಿಂದ ಆಂಬುಲೆನ್ಸ್‌ಗೆ ಕರೆ ಮಾಡಿಸಿದರು. ಇನ್ನಷ್ಟು ದೂರ ಓಡಿಸಿಬಿಡೋಣ ಎಂಬ ಹಟಕ್ಕೆ ಬೀಳದಿದ್ದುದು ದೊಡ್ಡದು.

ಗಂಟೆಗಟ್ಟಲೆ ಕುಳಿತೇ ಇರುವುದು, ಹೊತ್ತಲ್ಲದ ಹೊತ್ತಿನ ಊಟ, ಅರೆನಿದ್ದೆ ಮತ್ತು ಧೂಮಪಾನ ಹೃದ್ರೋಗದ ಅಪಾಯವನ್ನು ಹೆಚ್ಚಿಸುತ್ತವೆ. ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ, ಬರೀ ಸುಸ್ತು ಅಥವಾ ಏದುಸಿರಿನ ರೂಪದಲ್ಲಿಯೂ ಹೃದಯಾಘಾತ ಬರಬಹುದಾದ್ದರಿಂದ, ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಯನ್ನು ಯಾರೂ ಮುಂದೂಡಬಾರದು. ಲಕ್ಷಣ ಕಂಡರೆ ತಾವೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗಲೂಬಾರದು.

ಅವರಿಗೆ ಸದ್ಯ ವಿಶ್ರಾಂತಿ ಅಗತ್ಯವಿರುವುದರಿಂದ ಕರೆ ಮಾಡದೆ ಸಂದೇಶ ಕಳುಹಿಸಬೇಕಾಗಿ ಕೋರುತ್ತೇವೆ. ‘ಮತ್ತೆ ಯಾವಾಗ ಲೈನಿಗೆ?’ ಎಂದು ದಯವಿಟ್ಟು ತಮಾಷೆಗೂ ಕೇಳಬೇಡಿ. ಸ್ಟೀರಿಂಗ್ ಬಿಡುವ ನಿರ್ಧಾರ ಅವರಿಗೆ ಸುಲಭವಾಗಿರಲಿಲ್ಲ. ಹೊಸ ಚಾಲಕರಿಗೆ ಮಾರ್ಗದರ್ಶನ ನೀಡಲು ಅವರು ಗುಂಪಿನಲ್ಲೇ ಮುಂದುವರಿಯುತ್ತಾರೆ.

— ಗುಂಪಿನ ನಿರ್ವಾಹಕರು