ಗೆಳತಿಗೆ: ಕಾರ್ಡ್ ತೆಗೆದು ತಾರೀಕು ನೋಡು

ಪ್ರೀತಿಯ ಗೆಳತಿ,

ನಿನ್ನ ಫೋನ್ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. "ಅವಳು ಮಾತ್ರೆ ಬಿಟ್ಟ ಕೂಡಲೇ ಬಸುರಾದಳು, ನಿನಗೇನಾಯ್ತು?" ಅಂತ ನಿಮ್ಮತ್ತೆ ನನ್ನ ಹೆಸರು ಹಿಡಿದು ಕೇಳಿದರಂತೆ. ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೂ ಓದಿ ಹೇಳು.

ನಾನು ತಗೊಂಡಿದ್ದು ಮಾಲಾ-ಎನ್. ಗರ್ಭ ನಿಲ್ಲದಿರಲಿ ಅಂತ ದಿನಾ ನುಂಗುವ ಮಾತ್ರೆ. ಬಿಟ್ಟರೆ ಕೆಲವೇ ದಿನದಲ್ಲಿ ಅದರ ಹಾರ್ಮೋನು ಮೈಯಿಂದ ಹೋಗಿಬಿಡುತ್ತದೆ. ನೀನು ಹಾಕಿಸಿಕೊಂಡಿದ್ದು ಅಂತರಾ ಇಂಜೆಕ್ಷನ್. ಅದೂ ಗರ್ಭ ತಡೆಯುವುದಕ್ಕೇ, ಆದರೆ ಒಂದು ಸಲ ಚುಚ್ಚಿದರೆ 3 ತಿಂಗಳು ಕೆಲಸ ಮಾಡಲಿ ಅಂತಲೇ ಮಾಡಿದ ಔಷಧಿ. ಮಾಂಸಖಂಡದಲ್ಲಿ ಕೂತು ನಿಧಾನಕ್ಕೆ ರಕ್ತ ಸೇರುತ್ತದೆ. 3 ತಿಂಗಳು ಮುಗಿದರೂ ಪೂರ್ತಿ ಖಾಲಿಯಾಗಿರುವುದಿಲ್ಲ. ಹಾಗಾಗಿ ಕೊನೆಯ ಇಂಜೆಕ್ಷನ್ನಿನಿಂದ ಲೆಕ್ಕ ಹಾಕಿದರೆ ಗರ್ಭ ನಿಲ್ಲಲು ಸರಾಸರಿ 7ರಿಂದ 10 ತಿಂಗಳು ಹಿಡಿಯುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ. ಸೂಜಿ ಚುಚ್ಚುವ ಮೊದಲೇ ಇದನ್ನು ನಿನಗೆ ಬಿಡಿಸಿ ಹೇಳಬೇಕಿತ್ತು. ಯಾರೂ ಹೇಳಲಿಲ್ಲ ಅಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಇಂಜೆಕ್ಷನ್ ಕಾರ್ಡ್ ಇದೆಯಲ್ಲ, ಅದನ್ನು ತೆಗೆದು ಕೊನೆಯ ತಾರೀಕು ನೋಡು. ಎರಡನೇ ಮಗು ಬೇಕು ಅಂತ ನೀವು ತೀರ್ಮಾನಿಸಿದ ದಿನದಿಂದಲ್ಲ, ಆ ತಾರೀಕಿನಿಂದ ಎಣಿಸು.

"ಗರ್ಭಕೋಶ ಒಣಗಿದೆ, ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡಿದೆ" ಅನ್ನುವ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಣೇ. ಈ ಇಂಜೆಕ್ಷನ್ನಿಗೆ ಗರ್ಭಕೋಶದ ಒಳಪದರ ತೆಳ್ಳಗಾಗುತ್ತದೆ, ಮುಟ್ಟಾಗಿ ಹೋಗಲು ಅಲ್ಲಿ ಏನೂ ಇರುವುದಿಲ್ಲ, ಅಷ್ಟೇ. ಔಷಧಿ ಇಳಿದ ಮೇಲೆ ಎಲ್ಲ ಮೊದಲಿನಂತಾಗುತ್ತದೆ. ಅದರಿಂದ ಬಂಜೆತನ ಬರುವುದಿಲ್ಲ.

ಮುಟ್ಟು ಶುರುವಾಗುವ ಮೊದಲೇ ಗರ್ಭ ನಿಲ್ಲುವುದೂ ಉಂಟು. ಹಾಗಾಗಿ ವಾಂತಿ, ಸುಸ್ತು ಅನ್ನಿಸಿದರೆ ಒಂದು ಟೆಸ್ಟ್ ಮಾಡಿಕೋ. ಫೋಲಿಕ್ ಆಸಿಡ್ ಮಾತ್ರೆ ಈಗಲೇ ಶುರು ಮಾಡು, ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಬಸುರಿ ಅಂತ ಗೊತ್ತಾಗುವಷ್ಟರಲ್ಲಿ ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳಲು ಶುರುವಾಗಿರುತ್ತದೆ, ಅದಕ್ಕೆ.

ನಮಗೆ 35 ದಾಟಿದೆ ಅಲ್ವಾ, ಸುಮ್ನೆ ಕಾಯುತ್ತಾ ಕೂರುವುದು ಬೇಡ. ಒಮ್ಮೆ ಡಾಕ್ಟರಿಗೆ ತೋರಿಸು. ಥೈರಾಯ್ಡ್ ನೋಡಲಿ. ನಿಮ್ಮವರನ್ನೂ ಕರೆದುಕೊಂಡು ಹೋಗು. ಮೊದಲ ಮಗು ಇದೆ ಅಂತ ಅವರ ವೀರ್ಯ ಪರೀಕ್ಷೆ ಬಿಡುವುದು ಸರಿಯಲ್ಲ. ಎಲ್ಲ ಟೆಸ್ಟೂ ನಿನ್ನ ಮೈಮೇಲೇ ಯಾಕೆ ಬೀಳಬೇಕು?

ಅವರು ಹಿಂದೇಟು ಹಾಕಿದರೆ ಫೋನ್ ಮಾಡು. ನಮ್ಮವರ ಕೈಲಿ ಮಾತಾಡಿಸುತ್ತೇನೆ.

ನಿನ್ನ ಗೆಳತಿ