ಸ್ಲೇಟು ಕಾರ್ಮಿಕರ ಮನೆಗಳಿಗೆ ಸಿಮೆಂಟ್ ಬಳಿಯುವುದು ನಿಲ್ಲಲಿ: ನಮ್ಮ ಸೆನೆಡ್ (ವೇಲ್ಸ್ ಸಂಸತ್ತು) ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಕರ್ನಾಟಕದಿಂದ ಬಂದು ವೇಲ್ಸ್‌ನಲ್ಲಿ ನೆಲೆಸಿರುವ ನಿಮ್ಮ ಕ್ಷೇತ್ರದ ಮತದಾರ. ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಇಂಥ ಹಳೇ ಮನೆಗಳಲ್ಲಿ ವಾಸವಿರುವ ಕನ್ನಡಿಗರೂ ಓದಲಿ ಅಂತ ಕನ್ನಡದಲ್ಲೂ ಬರೆದಿದ್ದೇನೆ.

2021ರಲ್ಲಿ ವಾಯವ್ಯ ವೇಲ್ಸ್‌ನ ಸ್ಲೇಟು ಕಲ್ಲಿನ ಗಣಿ ಪ್ರದೇಶ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅದರಲ್ಲಿ ಪೆನ್ರಿನ್ ಕ್ವಾರಿ ಇದೆ, ಮಾಲೀಕರ ಕೋಟೆಯಂಥ ಬಂಗಲೆಯೂ ಇದೆ. ಅವುಗಳ ಚಿಂತೆ ನನಗಿಲ್ಲ, ನೋಡಿಕೊಳ್ಳುವವರು ಇದ್ದಾರೆ. ನನ್ನ ಚಿಂತೆ ಆ ಕ್ವಾರಿಯ ಪಕ್ಕದ ಊರು ಬೆಥೆಸ್ಡಾ ಸುತ್ತಮುತ್ತಲ ಸಣ್ಣ ಮನೆಗಳದ್ದು. ಕಲ್ಲು ಸೀಳಿ ಬದುಕಿದವರು ಇದ್ದದ್ದು ಅಲ್ಲಿ.

ಅಂಥ ಒಂದು ಮನೆಯೊಳಗೆ ಹೋಗಿ ನೋಡಿ. ದಪ್ಪ ಕಾಡುಗಲ್ಲಿನ ಗೋಡೆ, ನಡುವೆ ಮಣ್ಣು ಇಲ್ಲವೇ ಸುಣ್ಣದ ಗಾರೆ. ಒಂದು ತುದಿಯಲ್ಲಿ ದೊಡ್ಡ ಒಲೆ. ಇನ್ನೊಂದು ತುದಿಯಲ್ಲಿ ಪುಟ್ಟ ಮಲಗುವ ಕೋಣೆ, ಅದರ ಮೇಲೆ ಏಣಿ ಹತ್ತಿ ಹೋಗುವ ಅಟ್ಟ. ಈ ಅಟ್ಟಕ್ಕೆ ಇಲ್ಲಿ ಕ್ರೊಗ್‌ಲೊಫ್ಟ್ ಅಂತಾರೆ. ನೆಲಕ್ಕೆ ಸ್ಲೇಟಿನ ಚಪ್ಪಡಿ, ಚಾವಣಿಗೂ ಸ್ಲೇಟು. ಹೊರಗೆ ಸ್ಲೇಟಿನ ಪಟ್ಟಿಗಳನ್ನು ನಿಲ್ಲಿಸಿ ತಂತಿಯಿಂದ ಬಿಗಿದ ಬೇಲಿ. ಆಗ್ವೆನ್ ಕಣಿವೆಯ ಕೆಲವು ಮನೆಗಳಲ್ಲಂತೂ ಒಲೆಯ ಸುತ್ತಲ ಸ್ಲೇಟಿನ ಮೇಲೆ ಕೈವಾರದಿಂದ ಗೀರಿದ ವೃತ್ತಗಳಿವೆ, ನಕ್ಷತ್ರಗಳಿವೆ, ಸಂಗೀತದ ಸ್ವರಲಿಪಿಯೂ ಇದೆ. ಸುಮಾರು 200 ವರ್ಷದ ಹಿಂದಿನ ಕಾರ್ಮಿಕರ ಕೈಕೆಲಸ ಅದು!

ಈ ಗೋಡೆಗಳು ಮಳೆನೀರು ಹೀರುತ್ತವೆ, ಬಿಸಿಲು ಗಾಳಿಗೆ ಮತ್ತೆ ಆರುತ್ತವೆ. ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಗಿಲಾವು ಬಳಿದರೆ ನೀರು ಒಳಗೇ ಉಳಿಯುತ್ತದೆ. ಚಪ್ಪಡಿ ಕಿತ್ತು ಕಾಂಕ್ರೀಟ್ ಸುರಿದರೆ ನೆಲದ ತೇವವೂ ಗೋಡೆಗೇ ಏರುತ್ತದೆ. ಆಮೇಲೆ ಬೂಜು ಹಿಡಿಯಿತು, ಹಳೇ ಮನೆ ವಾಸಕ್ಕೆ ಯೋಗ್ಯವಲ್ಲ ಅಂತ ದೂರು. ತಪ್ಪು ಮನೆಯದಲ್ಲ, ರಿಪೇರಿಯದು. ಸ್ಲೇಟಿನ ಈ ಸೀಮೆಯಲ್ಲೇ ಚಾವಣಿಗೆ ಸ್ಪೇನ್‌ನಿಂದ ಬಂದ ಸ್ಲೇಟು ಹೊದಿಸುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

1900ರಿಂದ 1903ರವರೆಗೆ ನಡೆದ ಪೆನ್ರಿನ್ ಕ್ವಾರಿ ಕಾರ್ಮಿಕರ ಮುಷ್ಕರದಲ್ಲಿ, 'ಈ ಮನೆಯಲ್ಲಿ ದ್ರೋಹಿ ಇಲ್ಲ' (ಅಂದರೆ ಮುಷ್ಕರ ಮುರಿದು ಕೆಲಸಕ್ಕೆ ಹೋದವರಿಲ್ಲ) ಎಂಬ ಫಲಕ ಹಾಕಿದ್ದು ಇಂಥ ಮನೆಗಳ ಕಿಟಕಿಗಳಲ್ಲೇ. ಲಾನ್‌ಬೆರಿಸ್‌ನ ಸ್ಲೇಟು ಮ್ಯೂಸಿಯಂ 1999ರಲ್ಲಿ ಟಾನಗ್ರಿಶ್ಯೈನಿಂದ ಒಂದು ಸಾಲು ಮನೆಗಳನ್ನು ಕಲ್ಲು ಕಲ್ಲು ಬಿಚ್ಚಿ ತಂದು ಮತ್ತೆ ಕಟ್ಟಿತು. ಒಂದು ಮನೆಯಲ್ಲಿ ಆ ಮುಷ್ಕರದ ಕಾಲದ ಬದುಕನ್ನೇ ತೋರಿಸಿದ್ದಾರೆ. ಒಳ್ಳೆಯ ಕೆಲಸ. ಆದರೆ ಜನ ವಾಸವಿರುವ ಮನೆಗಳನ್ನೆಲ್ಲ ಮ್ಯೂಸಿಯಂಗೆ ಸಾಗಿಸೋಕಾಗಲ್ಲ ಅಲ್ವಾ?

ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದ ಮನೆಗಳಿಗೂ ಸುಣ್ಣದ ಗಾರೆ ಮತ್ತು ವೇಲ್ಸ್ ಸ್ಲೇಟಿನ ರಿಪೇರಿಗೆ ಸಹಾಯಧನ ಕೊಡಿಸಿ. ರಜೆಗೆ ಬಂದು ಹೋಗುವವರಿಗೆ ಅದು ಬೇಡ, ವರ್ಷವಿಡೀ ಅಲ್ಲೇ ಬದುಕುವವರಿಗೆ ಸಿಗಲಿ. ಇಲ್ಲಿನ ಹುಡುಗ ಹುಡುಗಿಯರಿಗೆ ಗಾರೆ ಕೆಲಸ, ಸ್ಲೇಟು ಹೊದಿಸುವ ಕೆಲಸ ಕಲಿಸಲು ಹಣ ಇಡಿ. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೇ ಮನೆ ರಿಪೇರಿಗೆ ಸಾಮಾನ್ಯವಾಗಿ ಶೇ. 20. ಅದು ಲಂಡನ್ ಸರ್ಕಾರದ ಕೈಲಿದೆ, ಗೊತ್ತು. ಆದರೂ ಸೆನೆಡ್‌ನಲ್ಲಿ ಎದ್ದು ನಿಂತು ಕೇಳಿ.

ಮುಂದಿನ ಬಜೆಟ್‌ಗೆ ಮೊದಲು ನಿಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ